ಹೊಲ ಮಾರುವ ಮೊದಲು: ರೋಣ, ನರಗುಂದ, ಗಜೇಂದ್ರಗಡದ ಮಕ್ಕಳಿಗೆ ವಿದೇಶ ವ್ಯಾಸಂಗದ ಕೈಪಿಡಿ



ಗಜೇಂದ್ರಗಡದ ಕಡೆಯ ತಂದೆಯೊಬ್ಬರು ಕೇಳಿದ ಪ್ರಶ್ನೆಯೊಂದು ಈ ಲೇಖನಕ್ಕೆ ಕಾರಣ. ನಮ್ಮ ಕರಾವಳಿಯಲ್ಲಿ ಗಾರೆ ಕೆಲಸ ಮಾಡಿಕೊಂಡು ಮಗಳನ್ನು ಪದವಿಯವರೆಗೆ ಓದಿಸಿದ ವ್ಯಕ್ತಿ ಅವರು. "ಫಾದರ್, ಹುಡುಗಿ ಫಾರಿನ್‌ಗೆ ಓದಾಕ ಹೊಕ್ಕೀನಿ ಅಂತಾಳ್ರಿ. ಊರಾಗ ಎರಡ ಎಕರೆ ಎರಿ ಹೊಲ ಐತಿ. ಅದನ್ನ ಬ್ಯಾಂಕಿಗೆ ಇಟ್ರ ಸಾಲ ಕೊಡ್ತಾರೇನ್ರಿ? ಇಲ್ಲಾ, ಮಾರಿಬಿಡ್ಲೇನ್ರಿ?" ಎಂದು ಅವರು ಕೇಳಿದರು. ತಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬ್ಯಾಂಕಿನವರನ್ನು ಹಾಗೂ ವಿದೇಶದಲ್ಲಿ ಓದಿ ಬಂದವರನ್ನು ವಿಚಾರಿಸಿ, ನಿಯಮಗಳನ್ನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಕರಾವಳಿಯ ನಮಗೆ ವಿದೇಶ ಹೊಸತಲ್ಲ. ಹೆಚ್ಚಿನ ಮನೆಗಳಲ್ಲಿ ದುಬೈಯಲ್ಲೋ ಲಂಡನ್ನಿನಲ್ಲೋ ಕೆನಡಾದಲ್ಲೋ ಒಬ್ಬ ಮಾವ, ಒಬ್ಬಳು ಚಿಕ್ಕಮ್ಮ ಇರುತ್ತಾರೆ. ಯಾವ ಕಾಲೇಜು ಒಳ್ಳೆಯದು, ಎಷ್ಟು ಹಣ ಬೇಕು ಎಂದು ಒಂದು ಫೋನ್ ಮಾಡಿದರೆ ತಿಳಿಯುತ್ತದೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಹೆಚ್ಚಿನ ಕುಟುಂಬಗಳಿಗೆ ಆ ಅನುಕೂಲವಿಲ್ಲ. ನಮಗೆ ಉಚಿತವಾಗಿ ಸಿಗುವ ಮಾಹಿತಿಗೆ ಅಲ್ಲಿನವರು ಹಣ ಕೊಡಬೇಕು, ಎಷ್ಟೋ ಸಲ ತಪ್ಪು ಮಾಹಿತಿಗೂ ಕೊಡಬೇಕು. ಆ ಕಡೆಯ ಮಕ್ಕಳು ಇಂದು ನಮ್ಮ ಶಾಲಾ ಕಾಲೇಜುಗಳಲ್ಲಿ, ಹಾಸ್ಟೆಲುಗಳಲ್ಲಿ ಇದ್ದಾರೆ. ನಮ್ಮ ಕಡೆಯ ಗುರುಗಳು, ಧರ್ಮಭಗಿನಿಯರು, ಶಿಕ್ಷಕರು ಉತ್ತರ ಕರ್ನಾಟಕದಲ್ಲಿ ಸೇವೆಯಲ್ಲಿದ್ದಾರೆ. ಆದುದರಿಂದ ಧರ್ಮಕೇಂದ್ರಗಳ ಕಾರ್ಯಕರ್ತರು ಈ ವಿಷಯ ತಿಳಿದಿರುವುದು ಒಳ್ಳೆಯದು.

ಹೇಳಬೇಕಾದ ಮುಖ್ಯ ಮಾತು ಒಂದೇ. ಕೋರ್ಸಿಗೆ ಮಾನ್ಯತೆ ಇದೆಯೇ, ಒಟ್ಟು ಖರ್ಚು ಎಷ್ಟು, ಸಾಲ ತೀರಿಸುವ ದಾರಿ ಯಾವುದು, ಈ ಮೂರು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಸಿಗುವವರೆಗೆ ಹೊಲಕ್ಕೆ ಕೈ ಹಾಕಬಾರದು.

ಮೊದಲು ಕೇಳಬೇಕಾದದ್ದು: ಯಾಕೆ ಹೋಗಬೇಕು?

1922ರಲ್ಲಿ ರೋಣದಲ್ಲಿ ಹುಟ್ಟಿದ ಪಂಡಿತ್ ಭೀಮಸೇನ ಜೋಶಿಯವರು ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ ಕಥೆ ಆ ಭಾಗದಲ್ಲಿ ಎಲ್ಲರಿಗೂ ಗೊತ್ತು. ಗ್ವಾಲಿಯರ್ ಮುಂತಾದ ಊರುಗಳನ್ನು ಸುತ್ತಿ ಅವರು ಪಂಜಾಬಿನ ಜಲಂಧರವನ್ನು ಮುಟ್ಟಿದರು. ಅಲ್ಲಿ ವಿನಾಯಕರಾವ್ ಪಟವರ್ಧನರು, ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರೆ, ಅವರಲ್ಲಿ ಕಲಿಯಿರಿ ಎಂದು ಸೂಚಿಸಿದರು. ಊರಿಗೆ ಮರಳಿದ ಹುಡುಗನಿಗೆ ಗುರು ಸಿಕ್ಕಿದ್ದು ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿ.

ದೂರ ಹೋದದ್ದು ತಪ್ಪು ಎಂದು ಈ ಕಥೆ ಹೇಳುವುದಿಲ್ಲ. ಆ ಹುಡುಗನಿಗೆ ತನಗೆ ಏನು ಬೇಕೆಂಬುದು ಸ್ಪಷ್ಟವಾಗಿತ್ತು. ಅದು ಎಲ್ಲಿ ಸಿಗುತ್ತದೆ ಎಂದು ತಿಳಿದವರು ಹೇಳಿದಾಗ ಆತ ಕೇಳಿದ. ವಿದೇಶಕ್ಕೆ ಹೊರಟಿರುವ ವಿದ್ಯಾರ್ಥಿಯೂ ಇದನ್ನೇ ಕೇಳಿಕೊಳ್ಳಬೇಕು. ನಾನು ಕಲಿಯಬೇಕಾದ ವಿಷಯ ಧಾರವಾಡದಲ್ಲಿ, ಬೆಂಗಳೂರಿನಲ್ಲಿ ಅಥವಾ ಮುಂಬಯಿಯಲ್ಲಿ ಇದಕ್ಕಿಂತ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಸಿಗುತ್ತದೆಯೇ? ಸಿಗುತ್ತದೆ ಎಂದಾದರೆ ವಿದೇಶದ ಹೆಸರಿಗಾಗಿ ಸಾಲ ಮಾಡುವ ಅಗತ್ಯವಿಲ್ಲ. ಸಿಗುವುದಿಲ್ಲ ಎಂದಾದರೆ ಧೈರ್ಯವಾಗಿ ಮುಂದಿನ ಹೆಜ್ಜೆ ಇಡಿ.

ಹೀಗೆ ಹೋಗಿ ಬಂದವರು ನಮ್ಮ ನಾಡಿನಲ್ಲಿ ಹಿಂದೆಯೂ ಇದ್ದರು. ಗೋಕಾಕ ತಾಲ್ಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತ ಓದಿ ಬಂದು, 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಕಟ್ಟಿ ಬೆಳೆಸಿದರು. ರೋಣ, ನರಗುಂದ, ಗಜೇಂದ್ರಗಡದ ಪದವಿ ಕಾಲೇಜುಗಳ ಮಕ್ಕಳ ಕೈಗೆ ಬರುವ ಅಂಕಪಟ್ಟಿ ಅದೇ ವಿಶ್ವವಿದ್ಯಾಲಯದ್ದು.

ಮಾನ್ಯತೆ: ಪದವಿಗೆ ಊರಿನಲ್ಲಿ ಬೆಲೆ ಇದೆಯೇ?

ವಿದೇಶದಲ್ಲಿ ಪಡೆದ ಪದವಿಗೆಲ್ಲ ಭಾರತದಲ್ಲಿ ತಾನಾಗಿಯೇ ಮಾನ್ಯತೆ ಸಿಗುವುದಿಲ್ಲ. 2025ರಲ್ಲಿ ಯುಜಿಸಿ ವಿದೇಶಿ ಪದವಿಗಳ ಸಮಾನತೆಯ ಬಗ್ಗೆ ಹೊಸ ನಿಯಮಾವಳಿ ಪ್ರಕಟಿಸಿದೆ. ಮೂಲ ವಿಶ್ವವಿದ್ಯಾಲಯದ ಹೆಸರನ್ನು ಬಾಡಿಗೆಗೆ ಪಡೆದು ಫ್ರಾಂಚೈಸಿ ಪದ್ಧತಿಯಲ್ಲಿ ನಡೆಸುವ ಕೋರ್ಸಿಗೆ ಅದರಲ್ಲಿ ಮಾನ್ಯತೆ ಇಲ್ಲ. ವಾಪಸು ಬಂದು ಸರ್ಕಾರಿ ಕೆಲಸಕ್ಕೆ ಅಥವಾ ಪಿಎಚ್‌ಡಿಗೆ ಅರ್ಜಿ ಹಾಕುವ ಯೋಚನೆ ಇರುವವರು ಇದನ್ನು ಹೊರಡುವ ಮೊದಲೇ ನೋಡಿಕೊಳ್ಳಬೇಕು.

ಸಂಸ್ಥೆ ಅಸಲಿಯೇ ಎಂದು ತಿಳಿಯಲು ಆಯಾ ದೇಶದ ಸರ್ಕಾರಿ ಪಟ್ಟಿಗಳಿವೆ. ಕೆನಡಾದಲ್ಲಿ ಡಿಎಲ್‌ಐ ಪಟ್ಟಿ, ಆಸ್ಟ್ರೇಲಿಯಾದಲ್ಲಿ ಕ್ರಿಕೋಸ್ ನೋಂದಣಿ, ಬ್ರಿಟನ್ನಿನಲ್ಲಿ ವಿದ್ಯಾರ್ಥಿ ವೀಸಾ ಪ್ರಾಯೋಜಕರ ಪಟ್ಟಿ ಇದೆ. ಅಮೆರಿಕದಲ್ಲಿ ಐ-20 ಪತ್ರ ಕೊಡಲು ಅನುಮತಿ ಪಡೆದ ಶಾಲೆಗಳ ಪಟ್ಟಿ ಇದೆ. ಇವೆಲ್ಲ ಅಂತರ್ಜಾಲದಲ್ಲಿ ಉಚಿತ. ಆದರೆ ಹೆಸರು ಪಟ್ಟಿಯಲ್ಲಿದ್ದರೆ ಸಾಕು ಎಂದೂ ತಿಳಿಯಬಾರದು. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟ್ರೈ ವ್ಯಾಲಿ ಯೂನಿವರ್ಸಿಟಿಯನ್ನು ಅಧಿಕಾರಿಗಳು ಮುಚ್ಚಿಸಿದಾಗ ಸಾವಿರಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ಕೆಲವರ ಕಾಲಿಗೆ ನಿಗಾ ಪಟ್ಟಿ ಕಟ್ಟಲಾಯಿತು. ಆ ಸಂಸ್ಥೆಗೆ ಐ-20 ಕೊಡುವ ಅನುಮತಿ ಇತ್ತು. ತರಗತಿಗೆ ಹೋಗದೆಯೇ ಪದವಿ, ಮೊದಲ ದಿನದಿಂದಲೇ ಕೆಲಸ ಎಂಬ ಮಾತು ಕೇಳಿದರೆ ಅಲ್ಲೇ ನಿಲ್ಲಿ.

ವೈದ್ಯಕೀಯ ಶಿಕ್ಷಣದ ವಿಷಯ ಬೇರೆ. ಇಲ್ಲಿ ಸರ್ಕಾರಿ ಸೀಟು ಸಿಗದೆ, ಖಾಸಗಿ ಸೀಟಿನ ಶುಲ್ಕ ಭರಿಸಲಾಗದೆ ಹೊರಗೆ ಹೋಗುವವರು ಉತ್ತರ ಕರ್ನಾಟಕದಲ್ಲಿ ಅನೇಕರು. ನೆರೆಯ ಹಾವೇರಿ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿಯೊಬ್ಬರು 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಆಹಾರ ತರಲು ಹೊರಗೆ ಹೋಗಿದ್ದಾಗ ದಾಳಿಗೆ ಬಲಿಯಾದುದನ್ನು ನಾವು ಮರೆತಿಲ್ಲ. ಹೆತ್ತವರು ಆ ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಯುದ್ಧವನ್ನು ಮುಂಚಿತವಾಗಿ ತಿಳಿಯುವುದು ಯಾರಿಗೂ ಸಾಧ್ಯವಿರಲಿಲ್ಲ. ಆದರೆ ನಿಯಮಗಳನ್ನು ತಿಳಿಯುವುದು ಸಾಧ್ಯ. ಅವು ಹೀಗಿವೆ:

1. ವಿದೇಶದಲ್ಲಿ ಎಂಬಿಬಿಎಸ್ ಓದಲು ಹೋಗುವವರೂ ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದಿರಬೇಕು.
2. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಕೋರ್ಸ್ ಕನಿಷ್ಠ 54 ತಿಂಗಳದ್ದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು.
3. ಆ ಪದವಿಯಿಂದ ಆ ದೇಶದಲ್ಲೇ ವೈದ್ಯ ವೃತ್ತಿ ಮಾಡಲು ನೋಂದಣಿ ಸಿಗುವಂತಿರಬೇಕು.
4. ಭಾರತಕ್ಕೆ ಮರಳಿದ ಮೇಲೆ ಅರ್ಹತಾ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಪಡೆಯಬೇಕು. ಇದರಲ್ಲಿ ನಪಾಸಾಗುವವರೇ ಹೆಚ್ಚು.

ಈ ನಾಲ್ಕರಲ್ಲಿ ಒಂದು ತಪ್ಪಿದರೂ ಆರು ವರ್ಷಗಳ ಶ್ರಮ ಮತ್ತು ಹಣ ಎರಡೂ ವ್ಯರ್ಥವಾಗಬಹುದು.

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮಾಡಿದವರಿಗೆ ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಆರಂಭವಾದ ನಾಲ್ಕು ವರ್ಷಗಳ ಪದವಿ ಪದ್ಧತಿಯನ್ನು 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ತರಲಾಯಿತು. ಬ್ರಿಟನ್ನಿನ ಸ್ನಾತಕೋತ್ತರ ಕೋರ್ಸುಗಳಿಗೆ ಸಾಮಾನ್ಯವಾಗಿ ಮೂರು ವರ್ಷದ ಪದವಿ ಸಾಕು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಒಟ್ಟು 16 ವರ್ಷಗಳ ಶಿಕ್ಷಣವನ್ನು ಕೇಳುತ್ತವೆ. ಅರ್ಜಿ ಶುಲ್ಕ ಕಟ್ಟುವ ಮೊದಲು ಪ್ರವೇಶ ವಿಭಾಗಕ್ಕೆ ಒಂದು ಇಮೇಲ್ ಬರೆದು ಕೇಳಿದರೆ ಹಣ ಉಳಿಯುತ್ತದೆ.

ಖರ್ಚು: ಶುಲ್ಕ ಮಾತ್ರ ಲೆಕ್ಕವಲ್ಲ

ನಮ್ಮ ಜನ ಮೊದಲು ಕೇಳುವುದು "ಫೀಸು ಎಷ್ಟು?" ಎಂದು. ವೀಸಾ ಅಧಿಕಾರಿ ಕೇಳುವುದು "ಅಲ್ಲಿ ಬದುಕಲು ಹಣ ಎಲ್ಲಿದೆ?" ಎಂದು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವಿಲ್ಲ ಎಂಬುದು ನಿಜ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂತಹ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಆದರೆ ಒಂದು ವರ್ಷದ ಜೀವನ ವೆಚ್ಚಕ್ಕೆಂದು 2024ರ ಸೆಪ್ಟೆಂಬರಿನಿಂದ 11,904 ಯೂರೋಗಳನ್ನು ಮುಂಗಡವಾಗಿ ನಿರ್ಬಂಧಿತ ಖಾತೆಯಲ್ಲಿ ಇಡಬೇಕೆಂಬ ನಿಯಮವಿದೆ. ಅದು ಹತ್ತು ಲಕ್ಷ ರೂಪಾಯಿಗಿಂತಲೂ ಹೆಚ್ಚು. ಜೊತೆಗೆ 2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳು ಎಪಿಎಸ್ ಎಂಬ ದಾಖಲೆ ಪರಿಶೀಲನಾ ಪ್ರಮಾಣಪತ್ರವನ್ನೂ ಪಡೆಯಬೇಕು. ಕೆನಡಾ ಕೂಡ ಶುಲ್ಕದ ಹೊರತಾಗಿ ಜೀವನ ವೆಚ್ಚಕ್ಕೆ ತೋರಿಸಬೇಕಾದ ಮೊತ್ತವನ್ನು 2024ರಿಂದ ದುಪ್ಪಟ್ಟುಗೊಳಿಸಿತು. ಬ್ರಿಟನ್ನಿನಲ್ಲಿ ತೋರಿಸುವ ಹಣ ಸತತ 28 ದಿನ ಖಾತೆಯಲ್ಲಿ ಇರಬೇಕು. ಯಾರಿಂದಲೋ ಎರಡು ದಿನಕ್ಕೆ ಕೈಗಡ ತಂದು ತೋರಿಸಿದರೆ ಅರ್ಜಿ ತಿರಸ್ಕೃತವಾಗುತ್ತದೆ.

ಈ ಮೊತ್ತಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಆಯಾ ಸರ್ಕಾರದ ಅಧಿಕೃತ ತಾಣದಲ್ಲೇ ಮತ್ತೊಮ್ಮೆ ನೋಡಬೇಕು. ಮನೆಯವರು ಒಟ್ಟಿಗೆ ಕುಳಿತು ಒಂದು ಹಾಳೆಯಲ್ಲಿ ಹೀಗೆ ಬರೆಯಲಿ: ಬೋಧನಾ ಶುಲ್ಕ, ವಸತಿ, ಊಟ, ಆರೋಗ್ಯ ವಿಮೆ, ವೀಸಾ ಶುಲ್ಕ, ಪರೀಕ್ಷಾ ಶುಲ್ಕಗಳು, ಅರ್ಜಿ ಶುಲ್ಕಗಳು, ವಿಮಾನ ಟಿಕೆಟ್, ಬೆಚ್ಚನೆಯ ಬಟ್ಟೆ, ಬೆಂಗಳೂರಿಗೆ ಓಡಾಟ. ಇದನ್ನು ಕೂಡಿಸಿದ ಮೇಲೆ ರೂಪಾಯಿ ಬೆಲೆ ಕುಸಿದರೆಂದು ನೂರಕ್ಕೆ ಹತ್ತರಷ್ಟು ಸೇರಿಸಿ. 2005ರಲ್ಲಿ ಒಂದು ಡಾಲರಿಗೆ ಸುಮಾರು 44 ರೂಪಾಯಿ ಇತ್ತು, ಈಗ 85ನ್ನು ದಾಟಿದೆ. ಬಿಡುವಿನ ವೇಳೆಯ ಕೆಲಸದ ಸಂಪಾದನೆಯನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. ಅದು ಕೈಖರ್ಚಿಗೆ ಆಗಬಹುದು, ಶುಲ್ಕಕ್ಕೆ ಸಾಲದು.

ಸಾಲ: ಎರೆ ಹೊಲವನ್ನು ಬ್ಯಾಂಕು ಯಾಕೆ ಒಪ್ಪುವುದಿಲ್ಲ?

ಆ ತಂದೆಯ ಪ್ರಶ್ನೆಗೆ ಈಗ ಬರೋಣ. ಶೈಕ್ಷಣಿಕ ಸಾಲದಲ್ಲಿ 7.5 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನವಿಲ್ಲದೆ ಬ್ಯಾಂಕುಗಳು ಕೊಡಬಹುದು. ಅದಕ್ಕೆ ಕೇಂದ್ರ ಸರ್ಕಾರದ ಖಾತರಿ ನಿಧಿಯ ವ್ಯವಸ್ಥೆ ಇದೆ. ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಸಾಮಾನ್ಯವಾಗಿ ಅಡಮಾನ ಬೇಕು. ವಿದೇಶ ವ್ಯಾಸಂಗವಾದರೆ ಒಟ್ಟು ಖರ್ಚಿನಲ್ಲಿ ನೂರಕ್ಕೆ 15ರಷ್ಟನ್ನು ಮನೆಯವರೇ ಹಾಕಬೇಕೆಂಬುದು ವಾಡಿಕೆ.

ಅಡಮಾನದ ಮಾತು ಬಂದಾಗಲೇ ಕರಾವಳಿಗೂ ಬಯಲುಸೀಮೆಗೂ ವ್ಯತ್ಯಾಸ ಕಾಣುತ್ತದೆ. ನಮ್ಮಲ್ಲಿ ಮನೆ, ನಿವೇಶನ, ಫ್ಲಾಟ್ ಇಟ್ಟು ಸಾಲ ಪಡೆಯುತ್ತಾರೆ. ರೋಣ, ನರಗುಂದದ ರೈತನ ಆಸ್ತಿಯೆಂದರೆ ಹೊಲ. ಸಾಲ ಮರುಪಾವತಿ ಆಗದಿದ್ದರೆ ನ್ಯಾಯಾಲಯಕ್ಕೆ ಹೋಗದೆಯೇ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ನೀಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ರೈತನ ರಕ್ಷಣೆಗೆ ಇಟ್ಟ ನಿಯಮ ಅದು. ಅದೇ ಕಾರಣದಿಂದ ಹೆಚ್ಚಿನ ಬ್ಯಾಂಕುಗಳು ಶೈಕ್ಷಣಿಕ ಸಾಲಕ್ಕೆ ಕೃಷಿ ಭೂಮಿಯನ್ನು ಅಡಮಾನವಾಗಿ ಒಪ್ಪುವುದಿಲ್ಲ. ಬ್ಯಾಂಕು ಇಲ್ಲವೆಂದಾಗ ಕುಟುಂಬ ಬಡ್ಡಿ ವ್ಯವಹಾರದವರ ಬಳಿಗೆ ಹೋಗುತ್ತದೆ, ಇಲ್ಲವೇ ಅವಸರದಲ್ಲಿ ಹೊಲ ಮಾರುತ್ತದೆ. ಅವಸರದ ಮಾರಾಟಕ್ಕೆ ಸರಿಯಾದ ಬೆಲೆ ಬರುವುದಿಲ್ಲ.

ಹಾಗಾದರೆ ದಾರಿ ಏನು? ಊರಿನಲ್ಲಿರುವ ಮನೆಯ ದಾಖಲೆ ಸರಿಯಾಗಿದೆಯೇ ನೋಡಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತು ನಮೂನೆ 9 ಮತ್ತು 11 ಇದ್ದರೆ ಬ್ಯಾಂಕಿನಲ್ಲಿ ಮಾತಾಡಲು ಆಧಾರ ಸಿಗುತ್ತದೆ. ಇದನ್ನು ಮಾಡಿಸಲು ತಿಂಗಳುಗಳೇ ಬೇಕಾಗಬಹುದು, ಆದ್ದರಿಂದ ಮೊದಲೇ ಆರಂಭಿಸಿ. ಪಟ್ಟಣದಲ್ಲಿ ನಿವೇಶನವಿರುವ ಬಂಧುಗಳು ಜಾಮೀನು ನಿಲ್ಲಬಹುದು. ಠೇವಣಿ, ಎಲ್‌ಐಸಿ ಪಾಲಿಸಿಗಳೂ ಅಡಮಾನವಾಗುತ್ತವೆ. ಕೆಲವು ಹಣಕಾಸು ಸಂಸ್ಥೆಗಳು ಅಡಮಾನವಿಲ್ಲದೆಯೂ ದೊಡ್ಡ ಸಾಲ ಕೊಡುತ್ತವೆ. ಅವುಗಳ ಬಡ್ಡಿ ಹೆಚ್ಚು. ವಿದ್ಯಾಲಕ್ಷ್ಮಿ ತಾಣದ ಮೂಲಕ ಹಲವು ಬ್ಯಾಂಕುಗಳಿಗೆ ಒಟ್ಟಿಗೆ ಅರ್ಜಿ ಹಾಕಿ ಹೋಲಿಸಿ ನೋಡಿ.

ಸಾಲದ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. 20 ಲಕ್ಷ ಸಾಲ, ಬಡ್ಡಿ ನೂರಕ್ಕೆ ಹತ್ತೂವರೆ, ಹತ್ತು ವರ್ಷದ ಕಂತು ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 27,000 ರೂಪಾಯಿ. ಎರಡು ವರ್ಷದ ಓದು ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಬೆಳೆಯುತ್ತಿರುತ್ತದೆ. ಅದನ್ನು ಕಟ್ಟದೆ ಬಿಟ್ಟರೆ ಅಸಲು 26 ಲಕ್ಷದ ಹತ್ತಿರ ಹೋಗಿ, ಕಂತು ಸುಮಾರು 35,000 ರೂಪಾಯಿ ಆಗುತ್ತದೆ. ವಿದೇಶದಲ್ಲಿ ಕೆಲಸ ಸಿಗದೆ ಮಗಳು ಊರಿಗೆ ಮರಳಿದರೆ, ಇಲ್ಲಿಯ ಸಂಬಳದಲ್ಲಿ ಈ ಕಂತು ಕಟ್ಟಬಹುದೇ? ಹೌದು ಎಂದಾದರೆ ಸಾಲ ಸುರಕ್ಷಿತ. ಇಲ್ಲ ಎಂದಾದರೆ ಮೊತ್ತ ಕಡಿಮೆ ಮಾಡಿ, ಅಥವಾ ದೇಶ ಬದಲಿಸಿ, ಅಥವಾ ಎರಡು ವರ್ಷ ಕೆಲಸ ಮಾಡಿ ಹಣ ಕೂಡಿಸಿ ಹೋಗಲಿ. ನರಗುಂದದ ಜನರಿಗೆ ಭೂಮಿ ಮತ್ತು ಬಾಕಿಯ ನೋವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಕರದ ವಿರುದ್ಧ ಅಲ್ಲಿ ಎದ್ದ ರೈತರ ಹೋರಾಟ ರಾಜ್ಯದ ರಾಜಕೀಯವನ್ನೇ ಬದಲಿಸಿತು.

ವಿದ್ಯಾರ್ಥಿವೇತನ: ಕೇಳಿದವರಿಗೆ ಸಿಗುತ್ತದೆ

ತನ್ನ ಆಸ್ತಿಯನ್ನೆಲ್ಲ ವಿದ್ಯೆಗೆ ಬಿಟ್ಟುಕೊಟ್ಟ ತ್ಯಾಗವೀರ ಶಿರಸಂಗಿ ಲಿಂಗರಾಜರು (1861–1906) ಆ ಭಾಗದವರೇ. ಅವರ ಹೆಸರಿನ ನವಲಗುಂದ-ಶಿರಸಂಗಿ ಟ್ರಸ್ಟಿನ ನೆರವಿನಿಂದ ತಲೆಮಾರುಗಳ ಮಕ್ಕಳು ಓದಿದರು. ಇಂದು ಬೇರೆ ಬೇರೆ ದಾರಿಗಳಿವೆ:

– ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳು, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಸ್ನಾತಕೋತ್ತರ ಪದವಿ ಹಾಗೂ ಪಿಎಚ್‌ಡಿಗೆ ವರ್ಷಕ್ಕೆ 125 ಸ್ಥಾನಗಳಿವೆ. ವಯಸ್ಸು 35ಕ್ಕಿಂತ ಕಡಿಮೆ, ಹಿಂದಿನ ಪರೀಕ್ಷೆಯಲ್ಲಿ ನೂರಕ್ಕೆ 60 ಅಂಕ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗೆ ಇರಬೇಕು. ಗಜೇಂದ್ರಗಡದ ನೇಕಾರರ ಮಕ್ಕಳು ಕುಶಲಕರ್ಮಿಗಳ ವಿಭಾಗದ ಬಗ್ಗೆ ವಿಚಾರಿಸಬೇಕು. ಪರಿಶಿಷ್ಟ ಪಂಗಡದವರಿಗೆ ಪ್ರತ್ಯೇಕ ಯೋಜನೆಯಿದೆ.

– ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ. ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.

– ಅಲ್ಪಸಂಖ್ಯಾತರಿಗೆ ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯ ಮತ್ತು ಅಭಿವೃದ್ಧಿ ನಿಗಮಗಳ ನೆರವು. ಕ್ರೈಸ್ತ ವಿದ್ಯಾರ್ಥಿಗಳೂ ಇದರಲ್ಲಿ ಸೇರುತ್ತಾರೆ. ಮೊತ್ತ ಮತ್ತು ಷರತ್ತು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಗದಗದ ಜಿಲ್ಲಾ ಕಚೇರಿಯಲ್ಲಿ ಆ ವರ್ಷದ ಆದೇಶವನ್ನೇ ನೋಡಿ. ಸಾಲದ ಬಡ್ಡಿಗೆ ನೆರವಾಗುತ್ತಿದ್ದ ಕೇಂದ್ರದ ಪಢೋ ಪರದೇಶ್ ಯೋಜನೆ 2022-23ರಿಂದ ನಿಂತುಹೋಗಿದೆ. ಅದನ್ನು ಕೊಡಿಸುತ್ತೇವೆ ಎನ್ನುವವರನ್ನು ನಂಬಬೇಡಿ.

– ಜಾತಿ, ಧರ್ಮ ಕೇಳದ ವಿದ್ಯಾರ್ಥಿವೇತನಗಳು. ಯುರೋಪಿನ ಎರಾಸ್ಮಸ್ ಮುಂಡಸ್, ಬ್ರಿಟನ್ನಿನ ಚೀವ್ನಿಂಗ್ ಮತ್ತು ಕಾಮನ್‌ವೆಲ್ತ್, ಜರ್ಮನಿಯ ಡಿಎಎಡಿ, ಅಮೆರಿಕದ ಫುಲ್‌ಬ್ರೈಟ್-ನೆಹರು, ಜಪಾನಿನ ಮೆಕ್ಸ್ಟ್. 1892ರಲ್ಲಿ ಆರಂಭವಾದ ಜೆ.ಎನ್. ಟಾಟಾ ಎಂಡೋಮೆಂಟ್ ಸಾಲ ರೂಪದ ವಿದ್ಯಾರ್ಥಿವೇತನ ಕೊಡುತ್ತದೆ. ಚೀವ್ನಿಂಗ್‌ಗೆ ಎರಡು ವರ್ಷಗಳ ಕೆಲಸದ ಅನುಭವ ಬೇಕು.

ಸಂಶೋಧನೆಯಲ್ಲಿ ಆಸಕ್ತಿ ಇರುವವರು ಒಂದು ಮಾತು ನೆನಪಿಡಿ. ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿ ಸಾಮಾನ್ಯವಾಗಿ ಶುಲ್ಕ ಕಟ್ಟುವುದಿಲ್ಲ, ಭತ್ಯೆ ಪಡೆಯುತ್ತಾನೆ.

ಕಾಗದಪತ್ರ: ಒಬ್ಬ ವ್ಯಕ್ತಿಗೆ ಒಂದೇ ಹೆಸರು

ಧರ್ಮಕೇಂದ್ರದ ಕಚೇರಿಯಲ್ಲಿ ಕೂತವರಿಗೆ ಈ ಕಷ್ಟ ಗೊತ್ತು. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ಉತ್ತರ ಕರ್ನಾಟಕದಲ್ಲಿ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂದು ಮೂರು ಭಾಗ ಬರೆಯುವ ರೂಢಿ. ಒಂದು ದಾಖಲೆಯಲ್ಲಿ ಮೂರೂ ಇರುತ್ತವೆ, ಇನ್ನೊಂದರಲ್ಲಿ ಇನಿಷಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರು ತಿಳಿದಿಲ್ಲ ಎಂಬರ್ಥದ ಎಫ್‌ಎನ್‌ಯು ಎಂಬ ಮೂರಕ್ಷರ ಬಂದು ಸೇರಿಕೊಳ್ಳುತ್ತದೆ. ಆಮೇಲೆ ಬ್ಯಾಂಕ್ ಖಾತೆ, ಮನೆ ಬಾಡಿಗೆ ಎಲ್ಲದರಲ್ಲೂ ತೊಂದರೆ. ಊರಿನ ಹೆಸರಿನ ಇಂಗ್ಲಿಷ್ ಅಕ್ಷರಗಳೂ ಹೀಗೆಯೇ. ನರಗುಂದವನ್ನು ಎರಡು ಬಗೆಯಲ್ಲಿ, ಗಜೇಂದ್ರಗಡವನ್ನು ಮೂರು ಬಗೆಯಲ್ಲಿ ಬರೆಯುತ್ತಾರೆ.

ಆದುದರಿಂದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟು ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಿ. ಆಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ. ಆ ಭಾಗದವರಿಗೆ ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಪದವಿಯ ಟ್ರಾನ್ಸ್‌ಕ್ರಿಪ್ಟನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ, ಎಂಜಿನಿಯರಿಂಗ್ ಆದರೆ ಬೆಳಗಾವಿಯ ವಿಟಿಯುನಿಂದ ಪಡೆಯಬೇಕು. ನಾಲ್ಕೈದು ಪ್ರತಿಗಳನ್ನು ಒಮ್ಮೆಗೇ ಮಾಡಿಸಿಕೊಳ್ಳಿ. ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ಅಂಕ ಎರಡು ವರ್ಷ, ಜಿಆರ್‌ಇ ಅಂಕ ಐದು ವರ್ಷ ಸಲ್ಲುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಪರೀಕ್ಷೆಗೆ ಹೆದರಬೇಕಾಗಿಲ್ಲ. ದಿನಕ್ಕೆ ಒಂದು ಗಂಟೆಯಂತೆ ಆರು ತಿಂಗಳು ಕೇಳಿ, ಮಾತಾಡಿ, ಬರೆದು ಅಭ್ಯಾಸ ಮಾಡಿದರೆ ಸಾಕಷ್ಟು ಸುಧಾರಣೆ ಆಗುತ್ತದೆ.

ಉದ್ದೇಶ ಪತ್ರ ಮತ್ತು ಶಿಫಾರಸು ಪತ್ರ

ನಾನು ಯಾಕೆ ಈ ಕೋರ್ಸ್ ಓದಬೇಕು ಎಂದು ವಿದ್ಯಾರ್ಥಿ ಬರೆಯುವ ಉದ್ದೇಶ ಪತ್ರಕ್ಕೆ ಪ್ರವೇಶದಲ್ಲಿ ದೊಡ್ಡ ಪಾತ್ರವಿದೆ. ಏಜೆಂಟರು ನೂರು ಜನರಿಗೆ ಒಂದೇ ಪತ್ರವನ್ನು ಹೆಸರು ಬದಲಿಸಿ ಕೊಡುತ್ತಾರೆ. ಓದುವವರಿಗೆ ಅದು ತಿಳಿಯದೆ ಇರುವುದಿಲ್ಲ. ನಿಮ್ಮ ಊರನ್ನೇ ಬರೆಯಿರಿ. ನರಗುಂದ ಪಟ್ಟಣದಲ್ಲಿ ಕೆಲವು ವರ್ಷಗಳಿಂದ ಮನೆಗಳೊಳಗೇ ನೆಲ ಕುಸಿದ ಘಟನೆಗಳು ನಡೆದಿವೆ. ಹಳೆಯ ಕಾಲದ ಹಗೇವುಗಳು, ನೆಲದೊಳಗಿನ ನೀರಿನ ಮಟ್ಟ ಇವುಗಳ ಬಗ್ಗೆ ಚರ್ಚೆಯಾಗಿದೆ. ಭೂಗರ್ಭ ಶಾಸ್ತ್ರ ಅಥವಾ ಸಿವಿಲ್ ಓದುವ ನರಗುಂದದ ಹುಡುಗನಿಗೆ ಇದಕ್ಕಿಂತ ಒಳ್ಳೆಯ ವಿಷಯ ಯಾವುದು? ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರ, ಅಲ್ಲಿಯ ಕೈಮಗ್ಗ, ರೋಣದ ಎರೆ ಮಣ್ಣಿನಲ್ಲಿ ಮಳೆ ತಪ್ಪಿದ ವರ್ಷದ ಹೆಸರು ಬೆಳೆ, ಇವೆಲ್ಲ ಒಂದೊಂದು ಅಧ್ಯಯನಕ್ಕೆ ಬಾಗಿಲು.

ಇನ್ನು ಶಿಫಾರಸು ಪತ್ರ. "ಫಾದರ್, ಒಂದು ಲೆಟರ್ ಕೊಡಿ" ಎಂದು ನಮ್ಮ ಬಳಿ ಬರುವವರು ಬಹಳ. ನಡತೆಯ ಬಗ್ಗೆ, ಸಮಾಜ ಸೇವೆಯ ಬಗ್ಗೆ ಧರ್ಮಗುರುಗಳು ಬರೆದು ಕೊಡಬಹುದು. ಕೆಲವು ವಿದ್ಯಾರ್ಥಿವೇತನಗಳಿಗೆ ಅದು ಉಪಯೋಗವಾದೀತು. ಆದರೆ ವಿಶ್ವವಿದ್ಯಾಲಯ ಕೇಳುವುದು ನಿಮಗೆ ಪಾಠ ಮಾಡಿದ ಅಧ್ಯಾಪಕರ ಪತ್ರ. ಆ ಅಧ್ಯಾಪಕರನ್ನು ಎರಡು ತಿಂಗಳು ಮುಂಚೆ ಕಂಡು, ನಿಮ್ಮ ಅಂಕಪಟ್ಟಿ ಮತ್ತು ಪ್ರಾಜೆಕ್ಟ್ ವಿವರ ಕೊಟ್ಟು ವಿನಯದಿಂದ ಕೇಳಿ. ಪತ್ರವನ್ನು ಅವರು ಕಾಲೇಜಿನ ಇಮೇಲ್‌ನಿಂದ ನೇರವಾಗಿ ಕಳಿಸಬೇಕಾಗುತ್ತದೆ. ನೀವೇ ಬರೆದು ಸಹಿ ಹಾಕಿಸುವುದು ಸುಳ್ಳು ದಾಖಲೆಯೇ ಸರಿ.

ಏಜೆಂಟರ ಬಗ್ಗೆ ಎಚ್ಚರ

ಒಳ್ಳೆಯ ಸಲಹೆಗಾರರೂ ಇದ್ದಾರೆ. ಆದರೆ ಹೆಚ್ಚಿನವರಿಗೆ ಕೆಲವು ವಿಶ್ವವಿದ್ಯಾಲಯಗಳಿಂದ ಕಮಿಷನ್ ಸಿಗುತ್ತದೆ. ಆದುದರಿಂದ ಅವರು ತೋರಿಸುವ ಪಟ್ಟಿ ನಿಮಗೆ ಒಳ್ಳೆಯದಾದ ಪಟ್ಟಿಯೇ ಆಗಿರಬೇಕೆಂದಿಲ್ಲ. ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಓದಿಗೆ ಕಳಿಸುವ ಸಲಹಾ ಕೇಂದ್ರಗಳು ಆ ನೋಂದಣಿಗೆ ಒಳಪಡುವುದಿಲ್ಲ. 2023ರಲ್ಲಿ ಕೆನಡಾದಲ್ಲಿ ಅನೇಕ ಭಾರತೀಯ ವಿದ್ಯಾರ್ಥಿಗಳು, ಹೆಚ್ಚಾಗಿ ಪಂಜಾಬಿನವರು, ಗಡೀಪಾರಿನ ಭೀತಿ ಎದುರಿಸಿದರು. ವರ್ಷಗಳ ಹಿಂದೆ ಏಜೆಂಟ್ ಕೊಟ್ಟಿದ್ದ ಪ್ರವೇಶ ಪತ್ರ ನಕಲಿಯಾಗಿತ್ತು. ಅದು ಅವರಿಗೆ ತಿಳಿದದ್ದು ಕಾಯಂ ವಾಸಕ್ಕೆ ಅರ್ಜಿ ಹಾಕಿದಾಗ.

ಹೀಗಾಗದಿರಲು ನಾಲ್ಕು ಮಾತು ಪಾಲಿಸಿ. ಅರ್ಜಿಯ ಇಮೇಲ್ ವಿಳಾಸ ಮತ್ತು ಪಾಸ್‌ವರ್ಡ್ ವಿದ್ಯಾರ್ಥಿಯದ್ದೇ ಆಗಿರಲಿ. ಪ್ರವೇಶ ಪತ್ರ ಬಂದ ಮೇಲೆ ವಿಶ್ವವಿದ್ಯಾಲಯದ ತಾಣದಲ್ಲಿರುವ ವಿಳಾಸಕ್ಕೆ ಬರೆದು ದೃಢಪಡಿಸಿಕೊಳ್ಳಿ. ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೆ ಬ್ಯಾಂಕಿನ ಮೂಲಕವೇ ಕಳಿಸಿ, ಯಾರ ಕೈಗೂ ನಗದು ಕೊಡಬೇಡಿ. ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್ ಯಾರಲ್ಲೂ ಬಿಡಬೇಡಿ.

ಯಾವಾಗ ಏನು ಮಾಡಬೇಕು?

ಸೆಪ್ಟೆಂಬರಿನಲ್ಲಿ ತರಗತಿ ಆರಂಭವಾಗುವುದಾದರೆ ಒಂದೂವರೆ ವರ್ಷ ಮೊದಲು, ಅಂದರೆ ಹಿಂದಿನ ವರ್ಷದ ಮಾರ್ಚಿನಲ್ಲಿ, ಹೆಸರು ತಿದ್ದುಪಡಿ, ಪಾಸ್‌ಪೋರ್ಟ್ ಮತ್ತು ಮನೆಯ ದಾಖಲೆಗಳ ಕೆಲಸ ಶುರು ಮಾಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಇಂಗ್ಲಿಷ್ ಪರೀಕ್ಷೆ. ಸೆಪ್ಟೆಂಬರಿನಿಂದ ಜನವರಿಯವರೆಗೆ ವಿಶ್ವವಿದ್ಯಾಲಯ ಮತ್ತು ವಿದ್ಯಾರ್ಥಿವೇತನಗಳಿಗೆ ಅರ್ಜಿ. ಎಷ್ಟೋ ವಿದ್ಯಾರ್ಥಿವೇತನಗಳ ಗಡುವು ಅಕ್ಟೋಬರ್, ನವೆಂಬರಿನಲ್ಲೇ ಮುಗಿಯುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಉತ್ತರ ಬರುತ್ತದೆ, ಆಗ ಬ್ಯಾಂಕ್ ಸಾಲದ ಕೆಲಸ. ಮೇ, ಜೂನ್‌ನಲ್ಲಿ ವೀಸಾ. ಹೆಚ್ಚಿನ ದೇಶಗಳ ವೀಸಾ ಅರ್ಜಿ ಕೇಂದ್ರಗಳು ಬೆಂಗಳೂರಿನಲ್ಲಿವೆ. ಅಮೆರಿಕದ ಕಾನ್ಸುಲೇಟ್ ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಉದ್ಘಾಟನೆಯಾಗಿದೆ, ಆದರೆ ಸಂದರ್ಶನ ಯಾವ ಊರಿನಲ್ಲಿ ಎಂಬುದನ್ನು ಅಧಿಕೃತ ತಾಣದಲ್ಲೇ ನೋಡಿ ಟಿಕೆಟ್ ಮಾಡಿಸಿ.

ಧರ್ಮಕೇಂದ್ರಗಳು ಏನು ಮಾಡಬಹುದು?

ದೊಡ್ಡ ಕಾರ್ಯಕ್ರಮ ಬೇಡ. ವಿದೇಶದಲ್ಲಿ ಓದಿದ ನಮ್ಮ ಧರ್ಮಕೇಂದ್ರದ ಒಬ್ಬ ಯುವಕ ಅಥವಾ ಯುವತಿ ತಿಂಗಳಿಗೆ ಒಂದು ಗಂಟೆ ಫೋನಿನಲ್ಲಿ ಸಿಕ್ಕರೂ ಬಯಲುಸೀಮೆಯ ಒಂದು ಮಗುವಿಗೆ ಅದು ದೊಡ್ಡ ಆಸರೆ. ವಾರ್ಡಿನ ಗುರಿಕಾರರು ತಮ್ಮ ಪ್ರದೇಶದಲ್ಲಿ ವಾಸವಿರುವ ಉತ್ತರ ಕರ್ನಾಟಕದ ಕುಟುಂಬಗಳ ಕಾಲೇಜು ಮಕ್ಕಳನ್ನು ಗುರುತಿಸಲಿ, ಧರ್ಮ ಯಾವುದೆಂದು ನೋಡುವುದು ಬೇಡ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಪರೀಕ್ಷಾ ಶುಲ್ಕದಂತಹ ಸಣ್ಣ ಖರ್ಚಿಗೆ ಕೈಜೋಡಿಸಬಹುದು. ಕಚೇರಿಯಲ್ಲಿ ಪ್ರಮಾಣಪತ್ರ ಬರೆಯುವಾಗ ಹೆಸರಿನ ಅಕ್ಷರಗಳನ್ನು ಎಸ್‌ಎಸ್‌ಎಲ್‌ಸಿ ಪ್ರತಿಯೊಂದಿಗೆ ಹೋಲಿಸಿ ನೋಡಿ, ವ್ಯತ್ಯಾಸವಿದ್ದರೆ ಆಗಲೇ ಮನೆಯವರಿಗೆ ತಿಳಿಸಿ.

ಗಜೇಂದ್ರಗಡದ ಆ ತಂದೆಗೆ ನಾನು ಹೇಳಿದ್ದು ಇಷ್ಟು. "ಹೊಲ ಈಗ ಮಾರಬೇಡಿ. ಬ್ಯಾಂಕು ಅದನ್ನು ಒಪ್ಪುವ ಸಂಭವ ಕಡಿಮೆ. ಊರಿನ ಮನೆಗೆ ಇ-ಸ್ವತ್ತು ಮಾಡಿಸಿ. ಮಗಳು ಈ ವರ್ಷ ಕೆಲಸಕ್ಕೆ ಸೇರಿ ಇಂಗ್ಲಿಷ್ ಪರೀಕ್ಷೆಗೆ ಓದಲಿ, ಐದು ವಿದ್ಯಾರ್ಥಿವೇತನಗಳಿಗೆ ಅರ್ಜಿ ಹಾಕಲಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಒಂದ್ ವರ್ಷ ತಡೀತೀವ್ರಿ, ಫಾದರ್. ಹೊಲ ಎಲ್ಲಿಗೂ ಹೋಗಂಗಿಲ್ಲ" ಎಂದರು. ಮಗಳು ಈಗ ಅರ್ಜಿ ಬರೆಯುತ್ತಿದ್ದಾಳೆ. ಫಲ ಏನಾಗುವುದೋ ನಮಗೆ ತಿಳಿಯದು. ಸಿಕ್ಕರೆ ಸಾಲದ ಭಾರ ಕಡಿಮೆಯಾಗಿ ಹೋಗುತ್ತಾಳೆ, ಸಿಗದಿದ್ದರೂ ಎರಡು ಎಕರೆ ಎರೆ ಹೊಲ ಅವಳ ಹೆಸರಿಗೆ ಉಳಿದಿರುತ್ತದೆ.